ನಾಯಿಯನ್ನು ಬಿಡಬೇಕಾಗಿ ಬಂದರೆ: ನಿಜವಾದ ಕಾರಣದಿಂದ ಹೊಸ ಮನೆಯವರೆಗೆ

ರೆಸ್ಕ್ಯೂ ಸಂಸ್ಥೆಗೆ ಸಾಕಿದ ನಾಯಿಯನ್ನು ಒಪ್ಪಿಸುವಾಗ ಒಂದು ಅರ್ಜಿ ತುಂಬಬೇಕು. ಅದರಲ್ಲಿ ‘ಬಿಡಲು ಕಾರಣ’ ಎಂದೊಂದು ಸಾಲಿರುತ್ತದೆ. ಹೊಸ ಮನೆ ಸಿಗುವವರೆಗೆ ಇಂಥ ನಾಯಿಗಳನ್ನು ಬೆಂಗಳೂರಿನ ನಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ಶುರುಮಾಡಿ ಎಂಟು ವರ್ಷವಾಯಿತು. ಆ ಸಾಲಿನಲ್ಲಿ ಬರೆದದ್ದನ್ನು ನಂಬುವುದು ಬಿಟ್ಟು ಏಳು ವರ್ಷವಾಯಿತು. ‘ಮನೆ ಬದಲಾಯಿಸುತ್ತಿದ್ದೇವೆ’, ‘ಮಗು ಹುಟ್ಟಿದೆ’, ‘ಅಲರ್ಜಿ’, ‘ವಿದೇಶಕ್ಕೆ ಹೊರಟಿದ್ದೇವೆ’. ಹೆಚ್ಚಿನ ಅರ್ಜಿಗಳು ಈ ನಾಲ್ಕರಲ್ಲೇ ಮುಗಿಯುತ್ತವೆ. ಜನ ಬೇಕೆಂದೇ ಸುಳ್ಳು ಹೇಳುತ್ತಾರೆ ಎನ್ನಲಾರೆ. ಇರುವ ಕಾರಣಗಳಲ್ಲಿ ಹೇಳಿಕೊಳ್ಳಲು ನಾಚಿಕೆಯಾಗದ್ದನ್ನು ಆರಿಸಿ ಬರೆಯುತ್ತಾರೆ.

ಒಮ್ಮೆ ಆರು ವರ್ಷದ ಲ್ಯಾಬ್ರಡಾರ್ ಒಂದು ಬಂತು. ಕಾರಣ: ಮನೆ ಬದಲಾವಣೆ. ಕೇಳಿ ನೋಡಿದರೆ ಹೊಸ ಮನೆ ಹಳೆಯದಕ್ಕಿಂತ ದೊಡ್ಡದು, ಅದೂ ಸ್ವಂತದ್ದು. ಎರಡನೇ ಲೋಟ ಕಾಫಿಯ ಹೊತ್ತಿಗೆ ವಿಷಯ ಹೊರಬಿತ್ತು. ಸಂಜೆ ಬಾಗಿಲು ತೆರೆದಾಗ ನಾಯಿ ಸಂತೋಷಕ್ಕೆ ಅಜ್ಜಿಯ ಮೇಲೆ ಹಾರಿತ್ತು, ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಅಜ್ಜಿ ನಾಯಿಯನ್ನು ಬೈದಿರಲಿಲ್ಲ. ಮಗ ಸೊಸೆ ಪರಸ್ಪರ ಬೈದುಕೊಂಡಿದ್ದರು. ಅರ್ಜಿಯ ಮಾತನ್ನೇ ನಂಬಿದ್ದರೆ ಆ ವಾರ ನಮ್ಮಲ್ಲಿಗೆ ನಾಯಿ ಕೇಳಿಕೊಂಡು ಬಂದಿದ್ದ ನಿವೃತ್ತ ದಂಪತಿಗೆ ಅದನ್ನು ಕೊಟ್ಟುಬಿಡುತ್ತಿದ್ದೆವು.

ಆದ್ದರಿಂದ ಮೊದಲ ಹೆಜ್ಜೆ ಸಂಸ್ಥೆಗೆ ಫೋನ್ ಮಾಡುವುದಲ್ಲ.

ಹೆಜ್ಜೆ 1: ಕಾರಣವನ್ನು ಬಿಡಿಸಿ ನೋಡಿ

ಎರಡು ವಾರ ಒಂದು ನೋಟ್‌ಬುಕ್ ಇಡಿ. ನಾಯಿಯಿಂದ ತೊಂದರೆಯಾದಾಗಲೆಲ್ಲ ಸಮಯ, ಜಾಗ, ಮನೆಯಲ್ಲಿ ಯಾರಿದ್ದರು, ಅದಕ್ಕೆ ಮೊದಲು ಏನಾಯಿತು ಎಂದು ಬರೆಯಿರಿ. ‘ಯಾವಾಗಲೂ ಬೊಗಳುತ್ತದೆ’ ಎಂಬ ದೂರು ಹತ್ತು ದಿನದಲ್ಲಿ ‘ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಹೊರಟ ಮೇಲೆ ಅರ್ಧ ಗಂಟೆ ಬೊಗಳುತ್ತದೆ’ ಎಂದಾಗುತ್ತದೆ. ಮೊದಲನೆಯದಕ್ಕೆ ಯಾರ ಬಳಿಯೂ ಮದ್ದಿಲ್ಲ, ಎರಡನೆಯದಕ್ಕೆ ಇದೆ.

ನಾಯಿ ಇದ್ದಕ್ಕಿದ್ದಂತೆ ಸಿಡುಕತೊಡಗಿದ್ದರೆ ಮೊದಲು ವೈದ್ಯರಲ್ಲಿಗೆ ಹೋಗಿ. ಕಿವಿಯ ಸೋಂಕು, ಸೊಂಟದ ಕೀಲುನೋವು, ಹಲ್ಲಿನ ಬಾವು ಇದ್ದ ನಾಯಿ ಮುಟ್ಟಿದರೆ ಗುರ್ ಎನ್ನುತ್ತದೆ. ಮನೆಯವರು ಅದನ್ನು ‘ಬುದ್ಧಿ ಕೆಟ್ಟಿದೆ’ ಎನ್ನುತ್ತಾರೆ. ಖರ್ಚಿನ ಭಯವಿದ್ದರೆ ಸರ್ಕಾರಿ ಪಶು ಆಸ್ಪತ್ರೆಗಳಿವೆ, ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಸಾಲಿನಲ್ಲಿ ಕಾಯಬೇಕಾಗುತ್ತದೆ, ಆದರೆ ಬಿಲ್ ನೋಡಿ ಎದೆ ಒಡೆಯುವುದಿಲ್ಲ.

ನಮ್ಮಲ್ಲಿಗೆ ಬರುವ ನಾಯಿಗಳಲ್ಲಿ ಎಂಟು ತಿಂಗಳಿನಿಂದ ಎರಡು ವರ್ಷದೊಳಗಿನವೇ ಹೆಚ್ಚು. ಅದು ನಾಯಿಯ ಹದಿಹರೆಯ. ಮರಿಯ ಮುದ್ದು ಮುಗಿದಿರುತ್ತದೆ, ದೊಡ್ಡ ನಾಯಿಯ ಗಾಂಭೀರ್ಯ ಬಂದಿರುವುದಿಲ್ಲ. ಅದರ ಮೇಲೆ, ನಮ್ಮಲ್ಲಿ ಬಹಳಷ್ಟು ಮರಿಗಳು ಮೂವತ್ತೈದು ನಲವತ್ತು ದಿನಕ್ಕೇ ತಾಯಿಯನ್ನು ಬಿಟ್ಟು ಬಂದಿರುತ್ತವೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ನಾಯಿ ಸಂತಾನಾಭಿವೃದ್ಧಿ ನಿಯಮಗಳು ಹೇಳುತ್ತವೆ. ಎಷ್ಟು ಜೋರಾಗಿ ಕಚ್ಚಿದರೆ ನೋಯುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಆಡುವಾಗ. ಆ ಪಾಠ ತಪ್ಪಿಸಿಕೊಂಡ ಮರಿ ನಿಮ್ಮ ಕೈಯ ಮೇಲೆ ಕಲಿಯುತ್ತದೆ. ದಿನಕ್ಕೆರಡು ದೀರ್ಘ ನಡಿಗೆ, ಒಳ್ಳೆಯ ತರಬೇತುದಾರರು, ಆರು ತಿಂಗಳ ತಾಳ್ಮೆ ಇದ್ದರೆ ಈ ಗುಂಪಿನ ನಾಯಿಗಳಲ್ಲಿ ಹೆಚ್ಚಿನವು ಇದ್ದ ಮನೆಯಲ್ಲೇ ಉಳಿಯಬಹುದು.

ತಳಿ ಮತ್ತು ಮನೆ ಹೊಂದದಿರುವುದು ಇನ್ನೊಂದು ಕಾರಣ, ಇದಕ್ಕೆ ಪರಿಹಾರ ಕಡಿಮೆ. ಹಿಮದಲ್ಲಿ ಜಾರುಬಂಡಿ ಎಳೆಯಲು ಬೆಳೆಸಿದ ಹಸ್ಕಿ ಕಲಬುರಗಿಯ ಮೇ ತಿಂಗಳಲ್ಲಿ ಏನು ಮಾಡಬೇಕು? ಹೊರಗಿನದ್ದೇ ಆಗಬೇಕೆಂದಿಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಓಡಿ ಬೇಟೆಯಾಡಲು ಹುಟ್ಟಿದ್ದು. 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿ ಬಂತು, ನಮಗೆಲ್ಲ ಹೆಮ್ಮೆ. ಆ ಹೆಮ್ಮೆಗೆ ಎಂಟನೇ ಮಹಡಿಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಸಾಕಿದರೆ ಸೋಫಾ ಉಳಿಯುವುದಿಲ್ಲ, ನಾಯಿಯ ನೆಮ್ಮದಿಯೂ ಉಳಿಯುವುದಿಲ್ಲ. ಇಂಥ ನಾಯಿಗೆ ಬೇರೆ ಮನೆ ಹುಡುಕುವುದು ತಪ್ಪಲ್ಲ, ಕೆಲವೊಮ್ಮೆ ಅದೇ ಸರಿ.

ಇನ್ನು ಅರ್ಜಿಯ ನಾಲ್ಕು ಪ್ರಸಿದ್ಧ ಕಾರಣಗಳು.

ಅಪಾರ್ಟ್‌ಮೆಂಟ್ ಸಂಘ ನಾಯಿ ಬೇಡವೆಂದಿದೆಯೇ? ನಿವಾಸಿಗಳ ಸಂಘ ಬಹುಮತದಿಂದಲೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತೆಯೂ ಇಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಅದರ ಪ್ರತಿಯೊಂದನ್ನು ಕಾರ್ಯದರ್ಶಿಗೆ ಕೊಡಿ, ಜೊತೆಗೆ ನಿಮ್ಮ ನಾಯಿ ಮಾಡಿದ್ದನ್ನು ನೀವೇ ಎತ್ತಿ ಹಾಕಿ. ಅರ್ಧ ಜಗಳ ಎರಡನೆಯದರಲ್ಲೇ ಮುಗಿಯುತ್ತದೆ. ಬಾಡಿಗೆ ಮನೆಯ ಮಾತು ಬೇರೆ. ಕರಾರಿಗೆ ಸಹಿ ಹಾಕುವ ಮೊದಲೇ ನಾಯಿಯ ವಿಷಯ ಬರೆಸಿಕೊಳ್ಳಬೇಕಿತ್ತು.

ನಿಮ್ಮದು ರಾಟ್‌ವೀಲರ್ ಅಥವಾ ಪಿಟ್‌ಬುಲ್ ಆಗಿದ್ದರೆ ‘ಆ ತಳಿ ನಿಷೇಧವಾಗಿದೆ’ ಎಂದು ಯಾರಾದರೂ ಹೆದರಿಸಿಯೇ ಇರುತ್ತಾರೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಂಥ 23 ತಳಿಗಳ ಕುರಿತು ಸುತ್ತೋಲೆ ಹೊರಡಿಸಿದ್ದು ನಿಜ. ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು.

ಮಗುವಿನ ವಿಷಯಕ್ಕೆ ಬಂದರೆ, ಬಸುರಿಯರನ್ನು ಹೆದರಿಸುವ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು ಬೆಕ್ಕಿನ ಮಲದಿಂದ ಹರಡುವಂಥದ್ದು. ನಾಯಿಯ ತಲೆಗೆ ಕಟ್ಟುವುದು ಅನ್ಯಾಯ. ನಾಯಿಗೆ ಜಂತುಹುಳದ ಔಷಧಿ, ರೇಬೀಸ್ ಲಸಿಕೆ ಸರಿಯಾಗಿ ಆಗಿರಲಿ, ಮಗುವನ್ನೂ ನಾಯಿಯನ್ನೂ ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಬೇಡಿ. ಬಾಣಂತನಕ್ಕೆ ಬಂದ ಹಿರಿಯರು ‘ನಾಯಿ ಕೂದಲು ಮಗುವಿನ ಹೊಟ್ಟೆಗೆ ಹೋಗುತ್ತದೆ’ ಎಂದರೆ ವಾದಿಸದೆ ಮಕ್ಕಳ ವೈದ್ಯರ ಬಾಯಿಂದ ಹೇಳಿಸಿ. ಅಲರ್ಜಿಗೂ ಇದೇ ಮಾತು: ಪರೀಕ್ಷೆ ಮಾಡಿಸಿದ್ದೀರೋ, ಊಹೆಯೋ? ಬೆಂಗಳೂರಿನ ಗಾಳಿಯಲ್ಲಿ ಸೀನಿಗೆ ಕಾರಣಗಳ ಬರವಿಲ್ಲ.

ವಿದೇಶಕ್ಕೆ ಹೊರಟವರು ಟಿಕೆಟ್ ಕೈಗೆ ಬಂದ ಮೇಲೆ ನಮಗೆ ಫೋನ್ ಮಾಡುತ್ತಾರೆ. ವೀಸಾಕ್ಕೆ ಅರ್ಜಿ ಹಾಕುವ ದಿನವೇ ಮಾಡಬೇಕಿತ್ತು, ಏಕೆಂದರೆ ನಾಯಿಯನ್ನು ಕರೆದೊಯ್ಯಲು ಸಾಧ್ಯವಿದೆ, ಬೇಕಾಗಿರುವುದು ಸಮಯ. ಐರೋಪ್ಯ ಒಕ್ಕೂಟಕ್ಕಾಗಲಿ ಬ್ರಿಟನ್ನಿಗಾಗಲಿ ಭಾರತದಿಂದ ಹೋಗುವ ನಾಯಿಗೆ ಮೊದಲು ಮೈಕ್ರೋಚಿಪ್ (ಚರ್ಮದಡಿ ಹಾಕುವ ಗುರುತಿನ ಚಿಪ್), ಆಮೇಲೆ ರೇಬೀಸ್ ಲಸಿಕೆ, ಅದಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳ ಕಾಯುವಿಕೆ. ಒಟ್ಟು ನಾಲ್ಕು ತಿಂಗಳು. ಅಮೆರಿಕ 2024ರ ಆಗಸ್ಟ್‌ನಿಂದ ನಿಯಮ ಬಿಗಿ ಮಾಡಿದೆ. ಆರು ತಿಂಗಳು ತುಂಬದ ನಾಯಿಗೆ ಅಲ್ಲಿ ಪ್ರವೇಶವೇ ಇಲ್ಲ. ದೇಶದೊಳಗೇ ವರ್ಗಾವಣೆಯಾದರೆ ರೈಲಿನ ಮೊದಲ ದರ್ಜೆಯಲ್ಲಿ ಪೂರ್ತಿ ಕೂಪೆ (ಬಾಗಿಲಿರುವ ಪ್ರತ್ಯೇಕ ಕೋಣೆ) ಕಾಯ್ದಿರಿಸಿಕೊಂಡು ನಾಯಿಯನ್ನು ಜೊತೆಯಲ್ಲೇ ಒಯ್ಯಬಹುದು.

ಮಾಲೀಕರ ಮರಣ, ದೀರ್ಘ ಕಾಯಿಲೆ, ಕೆಲಸ ಹೋಗಿ ಊರಿಗೆ ಮರಳುವುದು, ಮುರಿದ ಸಂಸಾರ: ಇವುಗಳ ಮುಂದೆ ನಾನು ಪ್ರಶ್ನೆ ಕೇಳುವುದಿಲ್ಲ. ನೇರ ಮುಂದಿನ ಹೆಜ್ಜೆಗೆ ಹೋಗೋಣ.

ಹೆಜ್ಜೆ 2: ಅಡ್ಡದಾರಿ ಹಿಡಿಯಬೇಡಿ

ಕೆರೆ ಏರಿಯ ಮೇಲೆ, ಹೆದ್ದಾರಿಯ ಡಾಬಾ ಹತ್ತಿರ, ಅನ್ನಸಂತರ್ಪಣೆ ನಡೆಯುವ ದೇವಸ್ಥಾನದ ಮುಂದೆ ಇಳಿಸಿ ಬರುವವರಿದ್ದಾರೆ. ‘ಹೇಗೋ ಊಟ ಸಿಗುತ್ತದೆ’ ಎನ್ನುವುದು ಅವರ ಸಮಾಧಾನ. ಪ್ರತಿಯೊಂದು ಬೀದಿಗೂ ಅದರದೇ ನಾಯಿಗಳಿವೆ, ಅವು ಹೊಸಬನನ್ನು ಸೇರಿಸಿಕೊಳ್ಳುವುದಿಲ್ಲ. ಬಟ್ಟಲಿನಲ್ಲಿ ಉಂಡು ಬೆಳೆದ ನಾಯಿ ಮೊದಲ ರಾತ್ರಿಯೇ ಕಚ್ಚಿಸಿಕೊಂಡು ವಾಹನಕ್ಕೆ ಅಡ್ಡ ಓಡುತ್ತದೆ. ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ತಳ್ಳುವಂತೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು. ಬೈಕ್ ನಿಲ್ಲಿಸಲು ಮಾಲ್‌ಗಳಲ್ಲಿ ಅದಕ್ಕಿಂತ ಹೆಚ್ಚು ಕೊಡುತ್ತೇವೆ.

ನಗರಪಾಲಿಕೆಯ ಎಬಿಸಿ ಕೇಂದ್ರವೂ ಉತ್ತರವಲ್ಲ. ಅದು ಬೀದಿನಾಯಿಗಳ ಸಂತಾನಹರಣಕ್ಕೆ ಇರುವ ಜಾಗ, 2023ರ ನಿಯಮಗಳ ಪ್ರಕಾರ ಶಸ್ತ್ರಚಿಕಿತ್ಸೆಯಾದ ಮೇಲೆ ಹಿಡಿದ ಬೀದಿಗೇ ಬಿಡಬೇಕು. ಶೆಲ್ಟರ್ ಗೇಟಿಗೆ ರಾತ್ರೋರಾತ್ರಿ ಕಟ್ಟಿ ಹೋದರೆ ನಾಯಿಯ ವಯಸ್ಸು, ಲಸಿಕೆ, ಸ್ವಭಾವ ಯಾವುದೂ ಗೊತ್ತಿಲ್ಲದ ಕಾರಣ ಅದು ದತ್ತು ಪಟ್ಟಿಯ ಕೊನೆಗೆ ಬೀಳುತ್ತದೆ.

‘ಉಚಿತವಾಗಿ ಕೊಡಲಾಗುವುದು’ ಎಂಬ ಜಾಹೀರಾತನ್ನೂ ಹಾಕಬೇಡಿ. ಸಂತಾನಹರಣವಾಗದ ಜಾತಿ ನಾಯಿ, ಅದರಲ್ಲೂ ಹೆಣ್ಣು, ಉಚಿತವಾಗಿ ಸಿಗುತ್ತದೆಂದರೆ ಮರಿ ಮಾರುವ ದಂಧೆಯವರು ಮಕ್ಕಳೊಂದಿಗೆ, ನಗುಮುಖದೊಂದಿಗೆ ಬರುತ್ತಾರೆ. ಅಂಥ ಮನೆಯಿಂದ ಬಿಡಿಸಿಕೊಂಡ ಒಂದು ಬೀಗಲ್ ನನ್ನ ಬಳಿ ಇತ್ತು. ಮೊಲೆಗಳು ನೆಲಕ್ಕೆ ತಾಗುವಂತೆ ಜೋತುಬಿದ್ದಿದ್ದವು, ಉಗುರುಗಳು ಸುತ್ತಿ ಪಾದಕ್ಕೇ ಚುಚ್ಚಿದ್ದವು. ಹುಲ್ಲಿನ ಮೇಲೆ ಬಿಟ್ಟರೆ ಕಾಲೆತ್ತಿ ನಿಲ್ಲುತ್ತಿತ್ತು, ಅದು ಹುಲ್ಲನ್ನು ತುಳಿದೇ ಇರಲಿಲ್ಲ.

ಹೆಜ್ಜೆ 3: ಆರೋಗ್ಯ ಮತ್ತು ಕಾಗದಪತ್ರ

ಇದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ, ಆದ್ದರಿಂದ ಬೇಗ ಶುರುಮಾಡಿ.

- ಲಸಿಕೆ ಪುಸ್ತಕ. ಕಳೆದಿದ್ದರೆ ರೇಬೀಸ್ ಮತ್ತು ಪಾರ್ವೊ, ಡಿಸ್ಟೆಂಪರ್ ಸೇರಿದ ಲಸಿಕೆಗಳನ್ನು ಮತ್ತೆ ಹಾಕಿಸಿ ಹೊಸ ಪುಸ್ತಕ ಪಡೆಯಿರಿ.
- ಸಂತಾನಹರಣ ಶಸ್ತ್ರಚಿಕಿತ್ಸೆ, ಗಂಡಾಗಲಿ ಹೆಣ್ಣಾಗಲಿ. ಖರ್ಚು ನಿಮ್ಮದೇ. ಹೊಸಬರು ಮಾಡಿಸುತ್ತಾರೆಂದು ಬಿಡಬೇಡಿ.
- ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್‌ಗೆ ರಕ್ತಪರೀಕ್ಷೆ. ನಮ್ಮ ಹವೆಯಲ್ಲಿ ಇದು ಸಾಮಾನ್ಯ, ಮೇಲೆ ಚೆನ್ನಾಗಿ ಕಾಣುವ ನಾಯಿಯಲ್ಲೂ ಇರಬಹುದು.
- ಮೈಕ್ರೋಚಿಪ್ ಇದ್ದರೆ ಅದರ ಹದಿನೈದು ಅಂಕಿಯ ಸಂಖ್ಯೆ, ನಗರಪಾಲಿಕೆಯ ಪರವಾನಗಿ, ತಳಿಯನ್ನು ದಾಖಲಿಸುವ ಕೆನಲ್ ಕ್ಲಬ್ ಪತ್ರವಿದ್ದರೆ ಅದೂ. ಕೆನಲ್ ಕ್ಲಬ್ ಪತ್ರವಿದೆ ಎಂದು ಪ್ರಕಟಣೆಯಲ್ಲಿ ಮಾತ್ರ ಬರೆಯಬೇಡಿ. ಆ ಮಾತಿಗೆ ಬೇಡದವರೇ ಮೊದಲು ಫೋನ್ ಮಾಡುತ್ತಾರೆ.

ಹೆಜ್ಜೆ 4: ನಾಯಿಯ ಬಗ್ಗೆ ಬರೆಯುವುದು

ಇಡೀ ಕೆಲಸದಲ್ಲಿ ನನಗೆ ಇದೇ ಮುಖ್ಯ. ಫೋಟೊ ಹಗಲು ಬೆಳಕಿನಲ್ಲಿ, ನೀವು ನೆಲಕ್ಕೆ ಕುಳಿತು ನಾಯಿಯ ಕಣ್ಣಿನ ಮಟ್ಟದಲ್ಲಿ ತೆಗೆಯಿರಿ. ಟೋಪಿ, ಕನ್ನಡಕ, ಹುಟ್ಟುಹಬ್ಬದ ಪೇಪರ್ ಕಿರೀಟ ಬೇಡ. ಮನೆಯಲ್ಲಿ ಮಲಗಿರುವುದು, ಹಗ್ಗ ಹಾಕಿಕೊಂಡು ನಡೆಯುವುದು, ಮನುಷ್ಯರ ಪಕ್ಕ ನಿಂತು ಗಾತ್ರ ತಿಳಿಯುವಂಥದ್ದು, ಮೂರು ಸಾಕು.

ಆಮೇಲೆ ಬರೆಯಿರಿ, ದೋಷಗಳನ್ನು ಸೇರಿಸಿ. ‘ತುಂಬ ಮುದ್ದು, ಎಲ್ಲರೊಂದಿಗೆ ಹೊಂದಿಕೊಳ್ಳುತ್ತದೆ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಬರೆದು ನೋಡಿ: ‘ನಾಲ್ಕು ವರ್ಷದ ಗಂಡು, ಇಂಡಿ (ನಾಡನಾಯಿ), ಸಂತಾನಹರಣವಾಗಿದೆ. ಮನೆಯೊಳಗೆ ಗಲೀಜು ಮಾಡುವುದಿಲ್ಲ. ಉಣ್ಣುವಾಗ ಹತ್ತಿರ ಹೋದರೆ ಗುರ್ ಎನ್ನುತ್ತದೆ, ಇದುವರೆಗೆ ಕಚ್ಚಿಲ್ಲ. ಗುಡುಗಿಗೆ ಸ್ನಾನದ ಮನೆಯಲ್ಲಿ ಅಡಗುತ್ತದೆ. ಬೆಕ್ಕಿರುವ ಮನೆಗೆ ಆಗುವುದಿಲ್ಲ. ಬೈಕ್ ಕಂಡರೆ ಅಟ್ಟಿಸಿಕೊಂಡು ಹೋಗುತ್ತದೆ, ಕೊರಳಪಟ್ಟಿಗಿಂತ ಎದೆಪಟ್ಟಿ ಬೇಕು.’ ಇಷ್ಟು ಓದಿಯೂ ಫೋನ್ ಮಾಡುವವರೇ ನಿಮಗೆ ಬೇಕಾದವರು. ಕಚ್ಚಿದ ಚರಿತ್ರೆ ಇದ್ದರೆ ಯಾರಿಗೆ, ಯಾವ ಸಂದರ್ಭದಲ್ಲಿ, ಹೊಲಿಗೆ ಬಿತ್ತೇ ಎಂಬುದನ್ನು ಬರೆಯಲೇಬೇಕು. ಮುಚ್ಚಿಟ್ಟು ಕೊಟ್ಟ ನಾಯಿ ಹೊಸ ಮನೆಯ ಮಗುವನ್ನು ಕಚ್ಚಿದರೆ ಆ ನಾಯಿಗೆ ಮೂರನೇ ಮನೆ ಸಿಗುವುದಿಲ್ಲ.

ಇನ್ನೊಂದು ಹಾಳೆ ಯಾರೂ ಬರೆಯುವುದಿಲ್ಲ, ನಾನು ಹಟ ಹಿಡಿದು ಬರೆಸುತ್ತೇನೆ: ನಾಯಿಗೆ ಗೊತ್ತಿರುವ ಮಾತುಗಳು. ಆ ಲ್ಯಾಬ್ರಡಾರ್‌ನ ಹೆಸರು ಅರ್ಜಿಯಲ್ಲಿ ‘ಬ್ರೂನೋ’ ಎಂದಿತ್ತು. ಎರಡು ದಿನ ‘ಬ್ರೂನೋ ಬ್ರೂನೋ’ ಎಂದು ಕರೆದೆ. ಕಿವಿಯೂ ನಿಮಿರಲಿಲ್ಲ, ಬಟ್ಟಲಿಗೆ ಬಾಯಿಯನ್ನೂ ಹಾಕಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿತ್ತು. ಮೂರನೇ ದಿನ ಫೋನ್ ಮಾಡಿದಾಗ ಅಜ್ಜಿ ಎತ್ತಿಕೊಂಡರು. ‘ಅಯ್ಯೋ, ಅದು ಲಸಿಕೆ ಪುಸ್ತಕದ ಹೆಸರು. ಮನೆಯಲ್ಲಿ ನಾವು ಗುಂಡಣ್ಣ ಅನ್ನುತ್ತೇವೆ. ಮಾಮು ತಿನ್ನು ಬಾ ಅನ್ನಿ’ ಎಂದರು. ಅಂದೆ. ನಾಯಿ ತಲೆ ತಿರುಗಿಸಿ ನನ್ನನ್ನು ದಿಟ್ಟಿಸಿ ನೋಡಿತು, ಎದ್ದು ಬಂದು ಮೊಸರನ್ನವನ್ನು ಬಟ್ಟಲು ಸಮೇತ ನೆಕ್ಕಿತು. ಆದ್ದರಿಂದ ಕರೆಯುವ ಹೆಸರು, ಊಟಕ್ಕೆ, ಹೊರಗೆ ಹೋಗಲು, ಬೇಡ ಎನ್ನಲು ನೀವು ಬಳಸುವ ಮಾತುಗಳನ್ನು ಬರೆದುಕೊಡಿ. ಕೊಂಕಣಿಯೋ ತುಳುವೋ ಉರ್ದುವೋ, ಯಾವ ಭಾಷೆಯಾದರೂ ಸರಿ. ಹೊಸ ಮನೆಯವರು ನಾಲ್ಕು ಶಬ್ದ ಕಲಿಯುವುದು ನಾಯಿ ಒಂದು ಭಾಷೆ ಕಲಿಯುವುದಕ್ಕಿಂತ ಸುಲಭ.

ಹೆಜ್ಜೆ 5: ರೆಸ್ಕ್ಯೂ ಸಂಸ್ಥೆಯನ್ನು ಕೇಳುವುದು

ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾ, ಚಾರ್ಲೀಸ್ ಆ್ಯನಿಮಲ್ ರೆಸ್ಕ್ಯೂ ಸೆಂಟರ್, ಮೈಸೂರಿನಲ್ಲಿ ಪೀಪಲ್ ಫಾರ್ ಆ್ಯನಿಮಲ್ಸ್, ಮಂಗಳೂರಿನಲ್ಲಿ ಆ್ಯನಿಮಲ್ ಕೇರ್ ಟ್ರಸ್ಟ್ ಇಂಥ ಸಂಸ್ಥೆಗಳು. ಇವುಗಳ ಜೊತೆಗೆ ಹೆಸರೇ ಇಲ್ಲದ ಸ್ವಯಂಸೇವಕರ ಗುಂಪುಗಳು ಪ್ರತಿ ಬಡಾವಣೆಯಲ್ಲೂ ಇವೆ. ಎಲ್ಲರ ಕೈಯೂ ತುಂಬಿದೆ. ಕಾಲು ಮುರಿದ ಬೀದಿನಾಯಿಯ ಪಕ್ಕದಲ್ಲಿ ನಿಮ್ಮ ಆರೋಗ್ಯವಂತ ನಾಯಿಗೆ ಸರದಿ ತಡವಾಗಿಯೇ ಬರುತ್ತದೆ.

ಹಾಗಾಗಿ ‘ನಾಯಿಯನ್ನು ತೆಗೆದುಕೊಂಡು ಹೋಗುತ್ತೀರಾ’ ಎಂದು ಕೇಳಬೇಡಿ. ‘ಹೊಸ ಮನೆ ಸಿಗುವವರೆಗೆ ನಾಯಿ ನಮ್ಮಲ್ಲೇ ಇರುತ್ತದೆ. ನಿಮ್ಮ ಪುಟದಲ್ಲಿ ಪ್ರಕಟಿಸಿ, ಬಂದವರನ್ನು ಪರಿಶೀಲಿಸಲು ನೆರವಾಗಿ’ ಎಂದು ಕೇಳಿ. ಈ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲಿ ಅಜಗಜಾಂತರ. ಕನಿಷ್ಠ ಎರಡು ತಿಂಗಳು ಇಟ್ಟುಕೊಳ್ಳಲು ಸಿದ್ಧರಾಗಿರಿ. ಮನೆಯಲ್ಲಿರುವ ನಾಯಿ ನೋಡಲು ಬಂದವರ ಮುಂದೆ ತನ್ನ ನಿಜಸ್ವರೂಪದಲ್ಲಿರುತ್ತದೆ. ನೂರು ನಾಯಿ ಬೊಗಳುವ ಶೆಲ್ಟರಿನಲ್ಲಿ ಒಂದು ಮೂಲೆ ಸೇರಿ ನಡುಗುತ್ತದೆ, ನೋಡಿದವರು ‘ಇದು ಮಂಕು’ ಎಂದು ಮುಂದೆ ಹೋಗುತ್ತಾರೆ. ಮನೆಯಲ್ಲಿ ಇಟ್ಟುಕೊಳ್ಳುವುದು ಅಸಾಧ್ಯವಾದರೆ ಬೋರ್ಡಿಂಗ್ ಖರ್ಚು ಭರಿಸುವುದಾಗಿ ನೀವೇ ಮೊದಲು ಹೇಳಿ.

ರೆಸ್ಕ್ಯೂ ಹೆಸರಿನ ವ್ಯಾಪಾರವೂ ಇದೆ. ನಾಯಿ ಇರುವ ಜಾಗ ತೋರಿಸದವರು, ಕಾಗದವಿಲ್ಲದೆ ದೊಡ್ಡ ಮೊತ್ತ ಕೇಳುವವರು, ಸದಾ ಜಾತಿ ನಾಯಿಯ ಮರಿಗಳೇ ಇರುವವರು ಕಂಡರೆ ಅಲ್ಲಿಂದ ಹೊರಡಿ.

ಹೆಜ್ಜೆ 6: ಮನೆ ಆರಿಸುವುದು

ನಾಯಿ ಕೇಳಿಕೊಂಡು ಬಂದವರಿಗೆ ನನ್ನ ಮೊದಲ ಪ್ರಶ್ನೆ: ಇದಕ್ಕೆ ಮುಂಚೆ ಸಾಕಿದ ನಾಯಿ ಏನಾಯಿತು? ಯಾವ ವೈದ್ಯರು ನೋಡುತ್ತಿದ್ದರು, ಕೊನೆಯ ದಿನ ಹೇಗಿತ್ತು ಎಂದು ಹೇಳುತ್ತ ಗಂಟಲು ಕಟ್ಟಿದವರಿಗೆ ಮುಂದಿನ ಪ್ರಶ್ನೆಗಳು ಅರ್ಧ ಸಾಕು. ‘ಎಲ್ಲೋ ಹೋಯಿತು’ ಎಂದವರಿಗೆ ಕಾಫಿ ಕೊಟ್ಟು ಕಳಿಸುತ್ತೇನೆ.

ಅವರ ಮನೆಗೆ ಹೋಗದೆ ನಾಯಿಯನ್ನು ಕೊಡಬೇಡಿ. ಬಾಲ್ಕನಿಗೆ ಗ್ರಿಲ್ ಇದೆಯೇ, ಗೇಟಿನ ಕೆಳಗೆ ನುಸುಳುವಷ್ಟು ಸಂದಿದೆಯೇ, ಹಗಲು ಯಾರಿರುತ್ತಾರೆ ನೋಡಿ. ಮನೆಯ ಎಲ್ಲರೂ ಆ ದಿನ ಇರಲಿ. ಒಬ್ಬರು ಬಾಯಲ್ಲಿ ಹೂಂ ಎನ್ನುತ್ತ ಸೆರಗು ಸರಿಸಿಕೊಂಡು ದೂರ ನಿಂತರೆ ಗಮನಿಸಿ. ಆರು ತಿಂಗಳಾದ ಮೇಲೆ ನಾಯಿ ಹಿಂದೆ ಬರುವುದು ಅವರಿಂದಲೇ.

‘ನಮ್ಮದು ತೋಟವಿದೆ, ಆರಾಮಾಗಿ ಓಡಾಡಿಕೊಂಡಿರುತ್ತದೆ’ ಎನ್ನುವವರು ಬಹಳ. ಕೇಳಲು ಚೆಂದ. ರಾತ್ರಿ ನಾಯಿ ಎಲ್ಲಿ ಮಲಗುತ್ತದೆ ಎಂದು ಕೇಳಿ. ಮಲೆನಾಡಿನ ತೋಟಗಳಲ್ಲಿ, ತುಮಕೂರು ಮೈಸೂರು ಸುತ್ತಲಿನ ಹಳ್ಳಿಗಳಲ್ಲಿ ಚಿರತೆಗೆ ಸುಲಭದ ಬೇಟೆ ನಾಯಿಯೇ, ಸರಪಳಿಯಲ್ಲಿ ಕಟ್ಟಿದ್ದರೆ ಇನ್ನೂ ಸುಲಭ. ರಾತ್ರಿ ಒಳಗೆ ಕರೆದುಕೊಳ್ಳುವ ತೋಟದ ಮನೆಯಾದರೆ ಧಾರಾಳವಾಗಿ ಕೊಡಿ. ಅಂಥ ಒಂದು ಮನೆಗೆ ಕೊಟ್ಟ ಮುಧೋಳ ನಾಯಿಯ ವಿಡಿಯೊ ಇವತ್ತಿಗೂ ನನ್ನ ಫೋನಿನಲ್ಲಿದೆ.

ಹೆಜ್ಜೆ 7: ಒಪ್ಪಿಸುವ ದಿನ ಮತ್ತು ಆಮೇಲೆ

ದೀಪಾವಳಿಯ ವಾರ ಬೇಡ. ಪಟಾಕಿಗೆ ಹೆದರಿ ಓಡಿದ ನಾಯಿ ಹಳೆ ಮನೆಯ ದಾರಿಯನ್ನೂ ತಿಳಿಯದು, ಹೊಸ ಮನೆಯ ದಾರಿಯನ್ನೂ. ಒಗೆಯದ ಹಾಸಿಗೆ ಬಟ್ಟೆ, ತಿನ್ನುವ ಬಟ್ಟಲು, ಒಂದು ವಾರದ ಆಹಾರ ಜೊತೆಗೆ ಕಳಿಸಿ. ಫೋನ್ ಸಂಖ್ಯೆ ಇರುವ ಕೊರಳಪಟ್ಟಿಯನ್ನು ಹೊರಡುವ ಮೊದಲೇ ಹಾಕಿ. ನಾಯಿಗಳು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಮೊದಲ ವಾರದಲ್ಲಿ, ಕಾರಿನ ಬಾಗಿಲು ತೆರೆದ ಕ್ಷಣದಲ್ಲಿ.

ಒಪ್ಪಂದಪತ್ರಕ್ಕೆ ಇಬ್ಬರೂ ಸಹಿ ಹಾಕಿ. ಅದರಲ್ಲಿ ಎರಡು ಮಾತು ಇರಲೇಬೇಕು: ನಾಯಿಯನ್ನು ಮೂರನೆಯವರಿಗೆ ಕೊಡುವಂತಿಲ್ಲ, ಸಾಕಲಾಗದಿದ್ದರೆ ಎಷ್ಟು ವರ್ಷದ ಮೇಲಾದರೂ ನಿಮಗೋ ಸಂಸ್ಥೆಗೋ ಹಿಂದಿರುಗಿಸಬೇಕು. ಚಿಪ್ ಮತ್ತು ಪರವಾನಗಿಯ ಹೆಸರನ್ನು ಅದೇ ವಾರ ಬದಲಾಯಿಸಿಕೊಳ್ಳಲಿ.

ಹೊಸ ಮನೆಯವರಿಗೆ ರೆಸ್ಕ್ಯೂ ಮಂದಿ ಹೇಳುವ ಲೆಕ್ಕ ಮೂರು ದಿನ, ಮೂರು ವಾರ, ಮೂರು ತಿಂಗಳು. ಮೂರು ದಿನ ನಾಯಿ ಬೆದರಿರುತ್ತದೆ, ಮೂರು ವಾರದಲ್ಲಿ ಮನೆಯ ಹೊತ್ತುಗೊತ್ತು ಕಲಿಯುತ್ತದೆ, ಮೂರು ತಿಂಗಳಿಗೆ ತನ್ನದೆನ್ನುತ್ತದೆ. ಇದು ಪಂಚಾಂಗವಲ್ಲ, ಹಿಂದೆ ಮುಂದೆ ಆಗುತ್ತದೆ. ಮೊದಲ ವಾರ ನೆಂಟರನ್ನು ಕರೆದು ತೋರಿಸಬೇಡಿ, ಸ್ನಾನ ಮಾಡಿಸಬೇಡಿ, ಮಂಚದ ಕೆಳಗೆ ಸೇರಿದ್ದರೆ ಎಳೆಯಬೇಡಿ. ಅಲ್ಲೇ ನೆಲಕ್ಕೆ ಕುಳಿತು ಪೇಪರ್ ಓದಿ. ಅದೇ ಹೊರಬರುತ್ತದೆ.

ಹಳೆಯ ಮನೆಯವರು ಫೋಟೊ ಕೇಳಬಹುದು, ಭೇಟಿಗೆ ಮಾತ್ರ ಮೂರು ತಿಂಗಳು ಹೋಗಬೇಡಿ. ನಿಮ್ಮನ್ನು ಕಂಡರೆ ಕರೆದೊಯ್ಯಲು ಬಂದಿರಿ ಎಂದುಕೊಳ್ಳುತ್ತದೆ, ನೀವು ಹೊರಟ ಮೇಲೆ ಎರಡು ದಿನ ಬಾಗಿಲು ಕಾಯುತ್ತದೆ. ಗುಂಡಣ್ಣನನ್ನು ಹದಿವಯಸ್ಸಿನ ಇಬ್ಬರು ಹುಡುಗರಿರುವ ಮನೆಗೆ ಕೊಟ್ಟೆವು. ಐದನೇ ತಿಂಗಳಲ್ಲಿ ಅಜ್ಜಿ ವಾಕರ್ ಹಿಡಿದು ನೋಡಲು ಹೋದರು. ಹುಡುಗರು ಮೊದಲೇ ಎದೆಪಟ್ಟಿ ಹಾಕಿ ಹಿಡಿದು ನಿಂತಿದ್ದರು, ಹಾರದಂತೆ.